ದಸ್ತಿಯ ಕೆಳಗೆ ನನ್ನ ದರ

ನಮ್ಮ ಅತ್ತೆಯವರ ಸೊಂಟಕ್ಕೆ ಸದಾ ಒಂದು ನೀಲಿ ರಿಬ್ಬನ್ನು ಸಿಕ್ಕಿಸಿರುತ್ತದೆ. ಅದರ ತುದಿಗೆ ಜೋಳದ ಕೋಣೆಯ ಕೀಲಿ. ರಿಬ್ಬನ್ನಿನ ಉದ್ದಕ್ಕೂ ಪುಣೆಯ ಒಂದು ಮಸಾಲೆ ಕಂಪನಿಯ ಹೆಸರು ಬಿಳಿ ಅಕ್ಷರಗಳಲ್ಲಿ ಮತ್ತೆ ಮತ್ತೆ ಬರೆದಿದೆ. ಅತ್ತೆಯವರಿಗೆ ಓದು ಬರುವುದಿಲ್ಲ. ಅವರ ಪಾಲಿಗೆ ಅದು ಹರಿಯದ ಗಟ್ಟಿ ಲಾಡಿ, ಅಷ್ಟೆ. ಅವರು ಅಂಗಳದಲ್ಲಿ ಬಗ್ಗಿ ಕುರಿಯ ಹಿಕ್ಕೆ ಗುಡಿಸುವಾಗ ಮಾತ್ರ ಆ ಕಂಪನಿಯೇ ಬಗ್ಗಿ ನಿಂತು ಹಿಕ್ಕೆ ಗುಡಿಸುತ್ತಿದೆ ಎಂದು ನನಗೆ ಅನ್ನಿಸಿ, ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಸಂತೋಷವಾಗುತ್ತದೆ.

ಆ ರಿಬ್ಬನ್ನು ಒಂದು ಕಾಲಕ್ಕೆ ನನ್ನ ಕೊರಳಲ್ಲಿತ್ತು. ತಾಳಿಯನ್ನಾದರೂ ರಾತ್ರಿ ತೆಗೆದು ಗೂಟಕ್ಕೆ ಹಾಕಿದ್ದುಂಟು, ಇದನ್ನು ಮರೆತರೆ ಗೇಟಿನವನು ಒಳಗೆ ಬಿಡುತ್ತಿರಲಿಲ್ಲ. ಅದರ ತುದಿಯ ಕಾರ್ಡಿನಲ್ಲಿ ನನ್ನದೊಂದು ಫೋಟೋ ಇತ್ತು. ತೆಗೆಯುವವನು ನಗಬೇಡಿ ಅಂದಿದ್ದಕ್ಕೆ ಯಾರದೋ ಮನೆಯಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಬಂದಿದ್ದೆ. ಆದರೂ ಅದರ ಕೆಳಗೆ 'ಮಾರ್ಕೆಟಿಂಗ್ ಮ್ಯಾನೇಜರ್' ಎಂದು ಬರೆದಿತ್ತಲ್ಲ. ತುರೋರಿಯಂಥ ಊರಿನ, ಹೆದ್ದಾರಿ ಬದಿಯಲ್ಲಿ ಕುರಿ ಕಾಯುತ್ತ ಲಾರಿಗಳ ಹಿಂದಿನ ಬರಹ ಓದಿಯೇ ಅಕ್ಷರ ಕಲಿತ ಹುಡುಗಿಗೆ ಅದು ಕಡಿಮೆಯೇನಲ್ಲ. ರಜೆಗೆ ಊರಿಗೆ ಹೋದಾಗಲೂ ಕಾರ್ಡನ್ನು ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಯಾರಾದರೂ ಕೇಳಿದರೆ ಇರಲಿ ಅಂತ. ಯಾರೂ ಕೇಳಲಿಲ್ಲ.

ಕಂಪನಿಯ ದಿನಚರಿಯನ್ನು ಈಗ ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ. ಬೆಳಿಗ್ಗೆ ನಾವೆಲ್ಲ ಒಂದು ಬಿಳಿ ಹಲಗೆಯ ಮುಂದೆ ನಿಂತು ನಿನ್ನೆ ಏನು ಮಾಡಿದೆವು, ಇವತ್ತು ಏನು ಮಾಡುತ್ತೇವೆ ಅಂತ ಒಬ್ಬೊಬ್ಬರಾಗಿ ಒಪ್ಪಿಸಬೇಕು. ನಿಂತೇ ಮಾಡಿದರೆ ಮೀಟಿಂಗು ಬೇಗ ಮುಗಿಯುತ್ತದೆಯಂತೆ. ನಮ್ಮದು ಬೇಗ ಮುಗಿಯುತ್ತಿರಲಿಲ್ಲ, ಕಾಲು ಮಾತ್ರ ನೋಯುತ್ತಿತ್ತು. ಅದಾದ ಮೇಲೆ ಕುಳಿತುಕೊಂಡು ಮಾಡುವ ಮೀಟಿಂಗು. ಆಮೇಲೆ ಮುಂದಿನ ಮೀಟಿಂಗಿನಲ್ಲಿ ಏನು ಮಾತಾಡಬೇಕು ಅನ್ನುವುದರ ಮೀಟಿಂಗು. ದೀಪಾವಳಿಯ ಜಾಹೀರಾತನ್ನು ಪಂಚಮಿಗೂ ಮೊದಲೇ ಬರೆಯುತ್ತಿದ್ದೆವು, ಸಂಕ್ರಾಂತಿಯ ಎಳ್ಳನ್ನು ದಸರೆಯಲ್ಲಿ ಹಂಚುತ್ತಿದ್ದೆವು. ನಿಜವಾದ ಹಬ್ಬ ಬರುವ ಹೊತ್ತಿಗೆ ನನಗೆ ಅದು ಮುಗಿದುಹೋದ ಹಬ್ಬ. ಮನೆಯಲ್ಲಿ ಹೋಳಿಗೆ ಬಡಿಸಿದರೂ ಮನಸ್ಸು ಬೇಸಿಗೆಯ ಉಪ್ಪಿನಕಾಯಿ ಮಸಾಲೆಯ ಮೇಲೆ ಇರುತ್ತಿತ್ತು.

ನಮ್ಮ ಸಾಹೇಬರದು ಒಂದು ಮಾತಿತ್ತು: ನಾವು ಮಸಾಲೆ ಮಾರುತ್ತಿಲ್ಲ, ಅಮ್ಮನ ನೆನಪು ಮಾರುತ್ತಿದ್ದೇವೆ. ಎಲ್ಲರೂ ತಲೆ ಆಡಿಸುತ್ತಿದ್ದರು. ನನ್ನವ್ವ ಒಣ ಮೆಣಸಿನಕಾಯಿ ಕುಟ್ಟುವಾಗ ಘಾಟಿಗೆ ಕೆಮ್ಮುತ್ತ ಇಡೀ ಓಣಿಗೆ ಕೇಳುವಂತೆ ಬೈಯುತ್ತಿದ್ದಳು. ಆ ನೆನಪನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರೆ ಕಂಪನಿಯ ಮೇಲೆ ಕೇಸು ಬೀಳುತ್ತಿತ್ತು. ನಾನು ಬರೆದದ್ದು ಬೇರೆ ಅಮ್ಮನ ಬಗ್ಗೆ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಬೆವರದೆ, ಕೆಮ್ಮದೆ, ನಗುತ್ತ ಸಾರಿಗೆ ಒಗ್ಗರಣೆ ಹಾಕುವವಳು. ಅವಳಿಗೆ ಬಹುಮಾನವೂ ಬಂತು. ಬಹುಮಾನ ತೆಗೆದುಕೊಳ್ಳಲು ಮುಂಬೈಗೆ ಸಾಹೇಬರು ಹೋದರು.

ಸಂಬಳದ ವಿಷಯಕ್ಕೆ ಬಂದರೆ ಅಲ್ಲಿ ಒಂದು ಮಡಿ ಇತ್ತು. ವರ್ಷಕ್ಕೊಮ್ಮೆ ಒಬ್ಬೊಬ್ಬರನ್ನೇ ಗಾಜಿನ ಕೋಣೆಗೆ ಕರೆದು, ನಿಮ್ಮದು ಇಷ್ಟು, ಇದನ್ನು ಯಾರಿಗೂ ಹೇಳಬೇಡಿ ಅನ್ನುತ್ತಿದ್ದರು. ನಾನು ಅಷ್ಟು ನಿಯತ್ತಿನವಳು, ಗಂಡನಿಗೂ ಸ್ವಲ್ಪ ದಿನ ಹೇಳುತ್ತಿರಲಿಲ್ಲ. ನನ್ನ ಪಕ್ಕದ ಕುರ್ಚಿಯವನು, ನನ್ನಷ್ಟೇ ಕೆಲಸ ಮಾಡುತ್ತಿದ್ದವನು, ಕೆಲಸ ಬಿಟ್ಟು ಹೋಗುವ ದಿನ ಕೇಕ್ ತಿನ್ನುತ್ತ ತನ್ನ ಸಂಬಳ ಹೇಳಿಬಿಟ್ಟ. ನನಗೆ ಕೇಕು ಇಳಿಯಲಿಲ್ಲ. ಆ ದಿನ ನನ್ನೊಳಗೆ ಒಂದು ಹಟ ಹುಟ್ಟಿತು. ಎಂದಾದರೂ ಒಂದು ದಿನ ನನ್ನ ಕೆಲಸದ ದರ ನನ್ನ ಬಾಯಿಂದಲೇ ಬರಬೇಕು, ನಾಲ್ಕು ಜನರಿಗೆ ಕೇಳುವ ಹಾಗೆ. ಕೊಡುವವರು ಹೆಚ್ಚು ಕೊಡಲಿ, ಕಡಿಮೆ ಕೊಡಲಿ, ಅದು ಆಮೇಲಿನ ಮಾತು. ಹೇಳುವವಳು ನಾನಾಗಿರಬೇಕು.

ಅಷ್ಟರಲ್ಲಿ ಅವರೇ ನನ್ನನ್ನು ಕಳಿಸಿಬಿಟ್ಟರು. ಕಂಪನಿ ಚಿಕ್ಕದಾಗುತ್ತಿದೆ ಅಂತ ಕಂಪ್ಯೂಟರಿನ ಪರದೆಯ ಮೇಲೆ ಬಂದ ಒಬ್ಬ ಹೆಣ್ಣುಮಗಳು, ನಾವೆಲ್ಲ ಒಂದೇ ಕುಟುಂಬ ಎಂದು ಶುರು ಮಾಡಿ, ನಾಳೆಯಿಂದ ಬರಬೇಡಿ ಎಂದು ಮುಗಿಸಿದಳು. ನಾನು ಏನೋ ಹೇಳಿದೆ. ಚೆನ್ನಾಗಿಯೇ ಹೇಳಿದೆ ಅನ್ನಿಸುತ್ತದೆ, ಆದರೆ ನನ್ನ ಮೈಕನ್ನು ಅವರು ಮೊದಲೇ ಬಂದ್ ಮಾಡಿದ್ದರು. ಕಾರ್ಡು ವಾಪಸು ತೆಗೆದುಕೊಂಡರು. ರಿಬ್ಬನ್ನು ಮಾತ್ರ ಯಾರಿಗೂ ಬೇಡವಾಗಿತ್ತು.

ನಮ್ಮ ಮನೆಯವರು ಅದಕ್ಕೂ ಮೊದಲೇ ಪುಣೆ ಬಿಟ್ಟು ನಿಲಂಗಾದ ಕೋರ್ಟಿನಲ್ಲಿ ವಕೀಲಿ ಶುರು ಮಾಡಿದ್ದರು. ಅವರ ವಂಶದಲ್ಲಿ ಕುರಿ ಬಿಟ್ಟು ಕರಿಕೋಟು ಹಾಕಿದ ಮೊದಲನೆಯವರು. ಊರಿಗೆಲ್ಲ ವಕೀಲಸಾಹೇಬರು, ಹಾಗಾಗಿ ನಾನೂ ಇಲ್ಲಿ ನಮ್ಮ ವಕೀಲರು ಅನ್ನುತ್ತೇನೆ. ಮನೆ ನಿಲಂಗಾದ ಅಂಚಿನಲ್ಲಿ, ಹಿಂದೆ ಹಟ್ಟಿ. ಮೈದುನ ಇನ್ನೂ ಕುರಿ ಸಾಕುತ್ತಾನೆ. ನಾನು ಲ್ಯಾಪ್‌ಟಾಪು, ಎರಡು ಸೂಟ್‌ಕೇಸು ಮತ್ತು ಆ ರಿಬ್ಬನ್ನಿನ ಜೊತೆ ಅಲ್ಲಿಗೆ ಬಂದೆ.

ಬಂದ ವಾರದಲ್ಲೇ ತುರೋರಿಯಿಂದ ನಮ್ಮ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಎಸ್.ಟಿ. ಬಸ್ಸು ಹತ್ತಿ ಬಂದಿಳಿದಳು. ತಲೆ ಮೇಲೆ ಸೆರಗು, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಒಳಗೆ ಬಂದವಳೇ ನನ್ನನ್ನು ತಬ್ಬಿಕೊಂಡು ಸಣ್ಣಗೆ ಅಳತೊಡಗಿದಳು. ಗಂಟು ಬಿಚ್ಚಿದರೆ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀಗರು ನೆಂಟರು ರೊಟ್ಟಿ ಕಟ್ಟಿಕೊಂಡು ಬಂದು ತಿನ್ನಿಸುತ್ತಾರೆ. ಮರಾಠಿಯಲ್ಲಿ ಅದಕ್ಕೆ ಕಡೂ ಘಾಸ ಅಂತಾರೆ, ಕಹಿ ತುತ್ತು. ಕಾಕು ನನ್ನ ನೌಕರಿಗೆ ಕಹಿ ತುತ್ತು ತಂದಿದ್ದಳು.

"ಕಾಕು, ಯಾರೂ ಸತ್ತಿಲ್ಲ. ನೌಕರಿ ಹೋಗ್ಯಾದ ಅಷ್ಟ," ಅಂದೆ.

"ಅದೇ ಅಲ್ಲೇನವ್ವಾ ಮತ್ತ," ಅಂದಳು ಕಾಕು ಕಣ್ಣು ಒರೆಸಿಕೊಂಡು. "ತಿನ್ನು, ಎರಡ್ ತುತ್ತರೆ ತಿನ್ನು. ದೇವ್ರು ಬೀರಪ್ಪ ಅದಾನ, ನೋಡ್ತಾನ."

"ನಾ ಮನ್ಯಾಗ ಕುಂತೇ ಕೆಲ್ಸ ಮಾಡ್ಲತ್ತೀನಿ ಕಾಕು. ಅದೇ ಕೆಲ್ಸ, ಖರೇ ಕೆಲ್ಸ."

"ಹೌದ ಬಿಡವ್ವಾ," ಅಂದಳು. ಸತ್ತವರ ಮನೆಯಲ್ಲಿ, ಅವರು ಇನ್ನೂ ಇಲ್ಲೇ ಇದ್ದಾರೆ ಅನ್ನಿಸುತ್ತದೆ ಅಂತ ಯಾರಾದರೂ ಹೇಳಿದರೆ ಹೀಗೇ ಒಪ್ಪಿಕೊಳ್ಳುತ್ತಾರೆ. ನಾನು ತಿಂದೆ. ಝುಣಕ ತುಂಬಾ ಚೆನ್ನಾಗಿತ್ತು, ಅದಕ್ಕೂ ನನಗೆ ಸಿಟ್ಟು ಬಂತು.

ಸ್ವತಂತ್ರವಾಗಿ ಕೆಲಸ ಮಾಡುವುದು ಅಂದರೆ ಏನೆಂದು ಪುಣೆಯಲ್ಲಿ ನಾವು ಟೀ ಯಂತ್ರದ ಮುಂದೆ ನಿಂತು ಬಹಳ ಮಾತಾಡಿಕೊಳ್ಳುತ್ತಿದ್ದೆವು. ಬೇಕಾದಾಗ ಏಳಬಹುದು, ಬೇಕಾದ ಕೆಲಸ ಹಿಡಿಯಬಹುದು, ಸಾಹೇಬನಿಲ್ಲ. ಸಾಹೇಬನಿಲ್ಲ ಅನ್ನುವುದು ನಿಜ, ಏಕೆಂದರೆ ಈಗ ಎಲ್ಲರೂ ಸಾಹೇಬರೇ. ಉಮರ್ಗಾದ ಸೀರೆ ಅಂಗಡಿಯವರು ಬೆಳ್ಳಂಬೆಳಿಗ್ಗೆ ವಾಟ್ಸಾಪಿನಲ್ಲಿ ಧ್ವನಿ ಕಳಿಸುತ್ತಾರೆ: "ಮ್ಯಾಡಮ್, ಛಲೋ ಅದ, ಖರೇ ಜರಾ ಇನ್ನಾ ಛಲೋ ಮಾಡ್ರಿ." ಯಾವುದನ್ನು, ಹೇಗೆ ಎಂದು ಕೇಳಿದರೆ ಉತ್ತರವಿಲ್ಲ. ಲಾತೂರಿನ ಟ್ಯೂಷನ್ ಕ್ಲಾಸಿನವರಿಗೆ ಜಾಹೀರಾತಿನಲ್ಲಿ ಮಕ್ಕಳ ಫೋಟೋಗಿಂತ ತಮ್ಮ ಫೋಟೋ ದೊಡ್ಡದಿರಬೇಕು. ಔರಾದ ಶಹಾಜನಿಯ ಹಲ್ಲಿನ ಡಾಕ್ಟರರು ತಮ್ಮ ಹೊಸ ದವಾಖಾನೆಯ ಬಗ್ಗೆ ಬರೆಸಿಕೊಂಡು, ಕೊನೆಗೆ ಅದನ್ನು ತಮ್ಮ ಭಾವಮೈದುನನಿಗೆ ತೋರಿಸಿ, ಅವನು ಬರೆದದ್ದನ್ನೇ ಹಾಕಿದರು. ಅದರಲ್ಲಿ 'ನೋವಿಲ್ಲದ ಸೇವೆ' ಎಂಬ ಸಾಲಿನ ಕೆಳಗೆ ಇಕ್ಕಳದ ಚಿತ್ರವಿತ್ತು.

ನನ್ನ ಆಫೀಸು ಜೋಳದ ಕೋಣೆ. ಮನೆಯಲ್ಲಿ ಮೊಬೈಲ್ ಸಿಗ್ನಲ್ಲು ಸರಿಯಾಗಿ ಸಿಗುವ ಜಾಗ ಅದೊಂದೇ. ಚೀಲಗಳ ನಡುವೆ ಒಂದು ಮೇಜು, ಹಿಂದೆ ಸುಣ್ಣದ ಗೋಡೆ. ಈಗಲೂ ಬೆಳಿಗ್ಗೆ ಒಂಬತ್ತೂವರೆಗೆ ಒಳ್ಳೆಯ ಕುರ್ತಾ ಹಾಕಿ, ಕಿವಿಗೆ ಜುಮಕಿ ಇಟ್ಟು, ಕೆಳಗೆ ಮಾಸಿದ ಪಾಯಜಾಮದಲ್ಲಿ ಹೋಗಿ ಕೂರುತ್ತೇನೆ. ಪರದೆಯಲ್ಲಿ ಕಾಣುವಷ್ಟು ಭಾಗ ಮಾತ್ರ ಕಾರ್ಪೊರೇಟು. ಹೈದರಾಬಾದಿನ ಯಾರ ಜೊತೆಗೋ ಗಂಭೀರವಾಗಿ ಮಾತಾಡುತ್ತಿರುವಾಗ ಅತ್ತೆ ಬಾಗಿಲು ತಳ್ಳಿ ಒಳಗೆ ಬಂದು, ಮೊರದಲ್ಲಿ ಜೋಳ ತುಂಬಿಕೊಂಡು, ನನ್ನ ಹಿಂದೆಯೇ ನಿಂತು ಕೇರಿ ಹೋಗುತ್ತಾರೆ. ಹೊಟ್ಟು ನನ್ನ ಜುಮಕಿಯ ಮೇಲೆ ಕೂರುತ್ತದೆ. ಕೀಲಿ ಅವರ ಕೈಯಲ್ಲಿರುವುದರಿಂದ ನಾನು ಒಳಗಿದ್ದೇನೆ ಎಂಬುದು ಮರೆತು ಹೊರಗಿನಿಂದ ಬೀಗ ಹಾಕಿಕೊಂಡು ಹೋದದ್ದೂ ಉಂಟು.

ಪುಣೆಯಲ್ಲಿ ನಾನು ಏನೂ ಮಾಡದೆ ಪರದೆ ನೋಡುತ್ತ ಕೂತರೂ ಕೆಲಸ ಮಾಡುತ್ತಿದ್ದಾಳೆ ಅನ್ನುತ್ತಿದ್ದರು. ಇಲ್ಲಿ ಬೆನ್ನು ಮುರಿಯುವ ತನಕ ದುಡಿದರೂ "ಸೊಸಿ ಮನ್ಯಾಗೇ ಇರ್ತಾಳ್ರೀ" ಅನ್ನುತ್ತಾರೆ. ಮನೆಯಲ್ಲೇ ಇರುವವಳಿಗೆ ಗ್ಯಾಸಿನವನು ಬಂದರೆ ಏಳುವ ಕೆಲಸ, ಕರೆಂಟು ಬಿಲ್ಲಿನ ಕೆಲಸ, ಮೈದುನನ ಕುರಿಮರಿಗೆ ಬಾಟಲಿ ಹಾಲು ಕುಡಿಸುವ ಕೆಲಸ. ಕುರಿಮರಿಗೆ ಹಾಲು ಕುಡಿಸುತ್ತ ನಾನು ಒಂದು ಮಾಲ್‌ಗೆ ಘೋಷವಾಕ್ಯ ಬರೆದಿದ್ದೇನೆ. ಅವರು ಅದನ್ನು ಒಪ್ಪಿಕೊಂಡರು, ಯಾವ ಸ್ಥಿತಿಯಲ್ಲಿ ಬರೆದೆ ಎಂದು ನಾನು ಹೇಳಲಿಲ್ಲ.

ಇಷ್ಟೆಲ್ಲ ಇದ್ದರೂ ಒಂದು ಆಸೆ ಇತ್ತು. ದರ ಹೇಳುವ ಆಸೆ. ಸಣ್ಣ ಸಣ್ಣ ಗಿರಾಕಿಗಳು ತಮ್ಮ ದರವನ್ನು ತಾವೇ ಹೇಳಿ ಕಳಿಸುತ್ತಿದ್ದರು, ಅಲ್ಲಿ ನನಗೆ ಬಾಯಿ ಇರಲಿಲ್ಲ. ಒಂದು ದೊಡ್ಡ ಕೆಲಸ ಬರಲಿ ಅಂತ ಕಾಯುತ್ತಿದ್ದೆ. ಬಂತು. ಉದಗೀರದ ಒಂದು ದಾಲ್ ಮಿಲ್ಲಿನ ಶೇಠರು ನಮ್ಮ ವಕೀಲರ ಪರಿಚಯದವರು. ಅವರಿಗೆ ತಮ್ಮ ತೊಗರಿಬೇಳೆಯನ್ನು ಗೋಣಿಯಲ್ಲಿ ಮಾರಿ ಮಾರಿ ಸಾಕಾಗಿ, ಪೊಟ್ಟಣ ಮಾಡಿ ಒಂದು ಹೆಸರಿಟ್ಟು ಮಾರಬೇಕು ಅನ್ನಿಸಿತ್ತು. ಹೆಸರು, ಪೊಟ್ಟಣದ ಮೇಲಿನ ಮಾತು, ಮೊಬೈಲಿನಲ್ಲಿ ಓಡುವ ವಿಡಿಯೋ, ಹಬ್ಬದ ಜಾಹೀರಾತು, ವರ್ಷಪೂರ್ತಿಯ ಕೆಲಸ. ನಾನು ಹಲವು ಪುಟಗಳ ಯೋಜನೆ ಮಾಡಿ ಕೊನೆಯ ಪುಟದಲ್ಲಿ ನನ್ನ ದರ ಬರೆದು ಅವರ ಮೊಬೈಲಿಗೆ ಕಳಿಸಿದೆ. ಕಳಿಸಿದ ಮೇಲೂ ಆ ಪುಟವನ್ನು ತೆರೆದು ತೆರೆದು ನೋಡಿದೆ. ಖುಷಿಗೆ.

ಮೊದಲ ಸಲ ಹೋದಾಗ ನಮ್ಮ ವಕೀಲರೂ ಜೊತೆಗೆ ಬಂದರು. ಪರಿಚಯ ಮಾಡಿಸುವುದು ಬೇಡವೇ. ಶೇಠರ ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ಬಿಳಿ ಗಾದಿ, ಲೋಡು. ನಾಲ್ಕಾರು ಜನ ದಲಾಲರು ಕೂತಿದ್ದರು. ನನಗೊಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಗಾದಿಯ ಹೊರಗೆ, ಬೇಳೆ ಚೀಲಗಳ ಪಕ್ಕಕ್ಕೆ ಹಾಕಿಸಿದರು. ಗೌರವಕ್ಕೆ. ನಾನು ಲ್ಯಾಪ್‌ಟಾಪು ತೆರೆದು ಎಲ್ಲ ತೋರಿಸಿದೆ. ಶೇಠರು ಗಮನವಿಟ್ಟು ನೋಡಿದರು, ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು. ಪ್ರಶ್ನೆ ಕೇಳುವುದೆಲ್ಲ ನಮ್ಮ ವಕೀಲರನ್ನು. ಉತ್ತರ ನಾನು ಕೊಡುತ್ತಿದ್ದೆ. ಅವರು ಅದನ್ನು ನಮ್ಮ ವಕೀಲರ ಮುಖ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು.

"ಪಸಂದ್ ಬಂತು," ಅಂದರು ಕೊನೆಗೆ. "ಮಸ್ತ್ ಮಾಡ್ಯಾರ. ಈಗ ಭಾವದ ಮಾತು." ಭಾವ ಅಂದರೆ ನಮ್ಮ ಕಡೆ ದರ.

ನಾನು ಗಂಟಲು ಸರಿ ಮಾಡಿಕೊಂಡೆ. "ಶೇಠ್ಜಿ, ಕಡೀ ಪುಟದಾಗ ಬರ್ದೀನ್ರಿ. ನನ್ನ ದರ..."

"ಅದು ಇರ್ಲಿ ತಾಯಿ," ಅಂದ ಶೇಠರು ತಮ್ಮ ಹೆಗಲ ಮೇಲಿನ ದಸ್ತಿ ತೆಗೆದರು. ದಸ್ತಿ ಅಂದರೆ ಟವೆಲ್ಲು. ಅದನ್ನು ತಮ್ಮ ಬಲಗೈ ಮೇಲೆ ಹೊದಿಸಿ, ಆ ಕೈಯನ್ನು ನಮ್ಮ ವಕೀಲರ ಮುಂದೆ ಚಾಚಿದರು. "ಯಾ ವಕೀಲಸಾಹೇಬ, ಬರ್ರಿ."

ನಮ್ಮ ವಕೀಲರು ಒಂದು ಕ್ಷಣವೂ ಯೋಚಿಸದೆ ದಸ್ತಿಯ ಕೆಳಗೆ ಕೈ ಹಾಕಿದರು.

ಇದೇನು ಎಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳಬೇಕು. ನಮ್ಮ ಕಡೆ ಕುರಿ, ಎತ್ತು ಮಾರುವಾಗ ದರವನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನು, ಮಾರುವವನು ಬಟ್ಟೆಯ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಒತ್ತಿ ಮಾತಾಡುತ್ತಾರೆ. ಒಂದು ಬೆರಳಿಗೆ ಇಷ್ಟು, ಅಂಗೈಗೆ ಇಷ್ಟು, ಗಿಣ್ಣು ಮುಟ್ಟಿದರೆ ಅರ್ಧ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಮತ್ತೊಂದು ನಿಯಮವೂ ಇದೆ. ಯಾರ ಕೈ ಹಿಡಿದು ದರ ಆಯಿತೋ ಹಣ ಅವರ ಕೈಗೇ ಕೊಡಬೇಕು. ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಔರಾದ ಶಹಾಜನಿಯ ಸಂತೆಗೆ ಹೋಗುತ್ತಿದ್ದೆ. ಅಪ್ಪ ಕುರಿ ಮಾರುವಾಗ ನಾನು ಅವನ ಕಾಲ ಬಳಿ ನಿಂತು ದಸ್ತಿಯ ಕೆಳಗೆ ಇಣುಕುತ್ತಿದ್ದೆ. ಎತ್ತರ ಸರಿಯಾಗಿ ಅಷ್ಟೇ ಇತ್ತು. ಅಪ್ಪ ಇನ್ನೊಂದು ಕೈಯಿಂದ ನನ್ನ ತಲೆ ಆಚೆ ತಳ್ಳುತ್ತಿದ್ದ. ಕಣ್ಣು ಮೇಲೆ ಆಕಾಶದಲ್ಲಿ, ಮುಖ ಸತ್ಯವಂತನದು, ಬೆರಳು ಕೆಳಗೆ ಜಗಳ ಆಡುತ್ತಿರುತ್ತಿದ್ದವು. ಮನೆಗೆ ಬಂದು ಅವ್ವ "ಎಷ್ಟಕ್ಕ ಹೋತು?" ಅಂದರೆ "ಛಲೋ ಹೋತು" ಅನ್ನುತ್ತಿದ್ದ. ಆ ಮರಿಗಳಿಗೆ ರಾತ್ರಿ ಎದ್ದು ಮೈ ಬೆಚ್ಚಗಿಟ್ಟವಳು ಅವ್ವ. ಅವಳು ಮತ್ತೆ ಕೇಳುತ್ತಿರಲಿಲ್ಲ. ಅಪ್ಪ ಒಳ್ಳೆಯವನು, ಅವಳ ಸೀರೆಗೆ ಕಡಿಮೆ ಮಾಡಿದವನಲ್ಲ. ಆದರೂ ಅವಳು ಯಾಕೆ ಮತ್ತೆ ಕೇಳಲಿಲ್ಲ ಎಂದು ಈಗ ನಾನು ಕೇಳಿಕೊಳ್ಳುತ್ತೇನೆ.

ಶೇಠರ ಅಂಗಡಿಯಲ್ಲಿ ದಸ್ತಿ ಅಲ್ಲಾಡುತ್ತಿತ್ತು. ಶೇಠರು ಹುಬ್ಬು ಏರಿಸಿದರು. ನಮ್ಮ ವಕೀಲರು ತಲೆ ಅಲ್ಲಾಡಿಸಿದರು. ಮತ್ತೆ ಏನೋ ಒತ್ತಿದರು. ದಲಾಲರೆಲ್ಲ ಆ ಬಟ್ಟೆಯನ್ನೇ ಆಸೆಯಿಂದ ನೋಡುತ್ತಿದ್ದರು. ನಾನು ತೆರೆದ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ, ಮಾರಾಟಕ್ಕೆ ತಂದ ಕುರಿ ಪಕ್ಕದಲ್ಲಿ ನಿಲ್ಲುವ ಹಾಗೆ. ವ್ಯತ್ಯಾಸವೆಂದರೆ ಕುರಿಯ ಹಲ್ಲು ನೋಡುತ್ತಾರೆ, ನನ್ನ ಹಲ್ಲು ನೋಡಲಿಲ್ಲ.

"ಝಾಲಂ, ಆಯ್ತು," ಅಂದರು ಶೇಠರು ಕೈ ತೆಗೆದು. ಚಹಾ ತರಿಸಿದರು.

ಹೊರಗೆ ಬಂದ ಮೇಲೆ "ಎಷ್ಟು?" ಅಂದೆ.

"ಛಲೋ ಆಗ್ಯಾದ ಬಿಡು," ಅಂದರು ನಮ್ಮ ವಕೀಲರು ಬೈಕಿಗೆ ಕಿಕ್ ಹೊಡೆಯುತ್ತ.

ಅವರು ಕೆಟ್ಟವರಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರು ನಿಜವಾಗಿಯೂ ನನಗೊಂದು ಉಪಕಾರ ಮಾಡಿದೆನೆಂದುಕೊಂಡಿದ್ದರು. ಹೆಂಡತಿ ನಾಲ್ಕು ಗಂಡಸರ ಮುಂದೆ ಚೌಕಾಸಿ ಮಾಡುವ ಕಷ್ಟ ತಪ್ಪಿಸಿದೆ ಅಂತ. ನಾನು ಮತ್ತೆ ಎರಡು ಮೂರು ಸಲ ಕೇಳಿದೆ. ಒಮ್ಮೆ "ಹೇಳ್ತೀನಿ" ಅಂದರು, ಒಮ್ಮೆ "ನಿನಗ ಕಡಿಮಿ ಆಗಂಗ ಮಾಡ್ತೀನೇನು?" ಅಂದರು. ಶೇಠರು ಹಣವನ್ನು ನಿಯಮದ ಪ್ರಕಾರ ಹಿಡಿದ ಕೈಗೇ ಕೊಟ್ಟರು. ಆ ತಿಂಗಳು ಹೊಲದ ಬೋರಿನ ಮೋಟಾರು ಸುಟ್ಟಿತ್ತು. ನಮ್ಮ ವಕೀಲರು ಆ ಹಣದಲ್ಲಿ ಅದಕ್ಕೆ ಹೊಸ ತಂತಿ ಸುತ್ತಿ ಕಟ್ಟಿಸಿ ತಂದರು. ನೀರು ಬಂತು. ಎಲ್ಲರೂ ಸಂತೋಷಪಟ್ಟರು. ನಾನೂ ಹೋಗಿ ಪೈಪಿನ ಮುಂದೆ ನಿಂತು ಕಾಲು ತೋಯಿಸಿಕೊಂಡು ಬಂದೆ.

ಕೆಲಸವನ್ನು ಮಾತ್ರ ಜೀವ ತೇಯ್ದು ಮಾಡಿದೆ. ಸಿಟ್ಟಿಗೆ ಕೆಲಸ ಕೆಡಿಸುವುದು ನನ್ನಿಂದ ಆಗುವುದಿಲ್ಲ, ಅದೊಂದು ದರಿದ್ರ ಅಭ್ಯಾಸ ಕಂಪನಿಯಿಂದ ಬಂದದ್ದು. ಈ ಸಲ ಇಸ್ತ್ರಿ ಸೀರೆಯ ಅಮ್ಮನನ್ನು ಬಿಟ್ಟು, ಎಸರು ಉಕ್ಕಿ ಒಲೆಯ ಮೇಲೆ ಚೆಲ್ಲಿದ್ದಕ್ಕೆ ತನ್ನನ್ನೇ ಬೈದುಕೊಳ್ಳುವ ಒಬ್ಬಳನ್ನು ವಿಡಿಯೋದಲ್ಲಿ ತೋರಿಸಿದೆ. ನಮ್ಮ ಓಣಿಯ ಹೆಂಗಸೊಬ್ಬಳೇ ಮಾಡಿದಳು. ಅದು ಲಾತೂರು, ಬೀದರಿನವರೆಗೂ ಮೊಬೈಲಿನಿಂದ ಮೊಬೈಲಿಗೆ ಓಡಿತು. ಬೇಳೆ ಗೋಣಿಯಿಂದ ಪೊಟ್ಟಣಕ್ಕೆ ಬಂತು, ಪೊಟ್ಟಣ ಅಂಗಡಿಗಳಿಗೆ ಬಂತು. ಶೇಠರು ಮುಂದಿನ ವರ್ಷದ ಕೆಲಸವೂ ನಿಮಗೇ ಎಂದು ಹೇಳಿಕಳಿಸಿದರು. ನಮ್ಮ ವಕೀಲರಿಗೆ.

ಈ ಸಲ ಒಬ್ಬಳೇ ಹೋಗುತ್ತೇನೆ ಅಂದೆ. ಅವರಿಗೆ ಕೋರ್ಟಿನಲ್ಲಿ ತಾರೀಖಿತ್ತು. "ಹೋಗಿ ಮಾತಾಡಿ ಬಾ, ಭಾವಂದು ನಾ ಆಮ್ಯಾಲೆ ನೋಡ್ತೀನಿ," ಅಂದರು. ನಾನು ಉದಗೀರದ ಬಸ್ಸು ಹತ್ತಿದೆ. ನಮ್ಮಲ್ಲಿ ಎಸ್.ಟಿ. ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೀಟು. ಎಲ್ಲ ಹೆಂಗಸರ ಹಾಗೆ ನಾನೂ ಅದಕ್ಕೆ ಖುಷಿಪಡುವವಳೇ. ಅವತ್ತು ಮಾತ್ರ ಕಂಡಕ್ಟರ್ "ಹಾಫ್" ಎಂದು ಕೂಗಿ ಚೀಟಿ ಕೈಗಿಟ್ಟಾಗ ಸುಮ್ಮನೆ ಮೈಯೆಲ್ಲ ಉರಿಯಿತು. ದಾರಿಯುದ್ದಕ್ಕೂ ನನ್ನ ದರವನ್ನು ಬಾಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಪಕ್ಕದ ಸೀಟಿನ ಮುದುಕಿ ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ನನಗೆ ಜಾಗ ಬಿಟ್ಟು ಕೂತಳು.

ಶೇಠರು ಪ್ರೀತಿಯಿಂದಲೇ ಬರಮಾಡಿಕೊಂಡರು. ಅದೇ ಗಾದಿ, ಅದೇ ದಲಾಲರು, ಅದೇ ಕುರ್ಚಿ. ಹೊಸ ವರ್ಷದ ಯೋಜನೆ ತೋರಿಸಿದೆ. ನೋಡುವುದಕ್ಕೆ ನಮ್ಮ ವಕೀಲರ ಮುಖ ಇರಲಿಲ್ಲವಾದ್ದರಿಂದ ಶೇಠರು ಲ್ಯಾಪ್‌ಟಾಪಿನ ಜೊತೆಗೇ ಮಾತಾಡಿದರು. ಕೊನೆಗೆ, "ಬರೋಬ್ಬರ್ ಅದ. ಭಾವ ವಕೀಲಸಾಹೇಬರ ಸಂಗಟ ಮಾತಾಡ್ತೀನಿ," ಅಂದರು.

"ಭಾವ ನಾನೇ ಹೇಳ್ತೀನ್ರಿ ಶೇಠ್ಜಿ," ಅಂದೆ. ಎದ್ದು ಗಾದಿಯ ಅಂಚಿಗೆ ಹೋಗಿ ಕೂತೆ. ನನ್ನ ದುಪಟ್ಟಾವನ್ನು ಬಲಗೈ ಮೇಲೆ ಹೊದಿಸಿ ಆ ಕೈಯನ್ನು ಅವರ ಮುಂದೆ ಚಾಚಿದೆ.

ದಲಾಲರಲ್ಲಿ ಒಬ್ಬನ ಬಾಯಿಗೆ ಹೋಗುತ್ತಿದ್ದ ಚಹಾದ ಬಸಿ ಅಲ್ಲೇ ನಿಂತಿತು. ಶೇಠರು ತಮ್ಮ ಎರಡೂ ಕೈಗಳನ್ನು ಎಳೆದುಕೊಂಡು ತೊಡೆಯ ಸಂದಿಯಲ್ಲಿ ಇಟ್ಟುಕೊಂಡರು.

"ಬ್ಯಾಡ ತಾಯಿ. ನೀ ನನ್ನ ಮಗಳ ಸಮಾನ ಇದ್ದಿ. ಹೆಣ್ಣಮಕ್ಕಳ ಕೈ ಹಿಡಿಯೋ ರಿವಾಜ್ ಇಲ್ಲ ನಮ್ಮಲ್ಲಿ."

"ಹಂಗಾರ ಬಾಯಿಲೆ ಮಾತಾಡಮ್ರಿ."

"ಬಾಯಿಲೆ ಹ್ಯಾಂಗ ಮಾತಾಡ್ತಾರ?" ಅವರು ನಿಜವಾಗಿಯೂ ಗಾಬರಿಯಾಗಿದ್ದರು. "ಇಷ್ಟ ಮಂದಿ ಕುಂತಾರ. ಎಲ್ಲಾರಿಗಿ ಕೇಳಸ್ತದ."

"ಕೇಳ್ಲಿ," ಅಂದೆ. "ನನ್ನ ಭಾವ..."

ಅಷ್ಟರಲ್ಲಿ ಶೇಠರು ಮೊಬೈಲು ಕಿವಿಗೆ ಹಿಡಿದಾಗಿತ್ತು. ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಹೀಗಾಗಿ ನಮ್ಮ ವಕೀಲರ ಧ್ವನಿ ಗಾದಿಯ ಮೇಲಿದ್ದವರಿಗೆಲ್ಲ ಕೇಳಿಸಿತು. ಶೇಠರು ನಡೆದದ್ದನ್ನು ಹೇಳಿದರು. ಆ ಕಡೆಯಿಂದ ಒಂದು ಸಣ್ಣ ನಗು ಬಂತು. "ಕೂಡಸ್ರಿ ಆಕಿಗಿ ಶೇಠ್ಜಿ, ಚಹಾ ಕುಡಸ್ರಿ. ಕೋರ್ಟ್ ಮುಗಿಸಿ ನಾನೇ ಬರ್ತೀನಿ."

ನನ್ನ ಕೈ ಇನ್ನೂ ದುಪಟ್ಟಾದ ಕೆಳಗೆ ಚಾಚಿಯೇ ಇತ್ತು. ಅದನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಲ್ಯಾಪ್‌ಟಾಪು ಎತ್ತಿಕೊಳ್ಳುವ ನೆಪ ಮಾಡಿ ತೆಗೆದುಕೊಂಡೆ. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಬಂದು ಕಣ್ಣು ಮಂಜಾಯಿತು. ಕೂರುವುದಿಲ್ಲ, ಬಸ್ಸಿದೆ ಎಂದು ಎದ್ದೆ. ಶೇಠರಿಗೆ ಬಹಳ ಕೆಡುಕೆನಿಸಿತು. "ಹೆಣ್ಣಮಗಳು ಖಾಲಿ ಕೈಲೆ ಹೋಗಬಾರ್ದು" ಅಂತ ಬಾಗಿಲ ತನಕ ಬಂದು ಬೇಳೆಯ ಪೊಟ್ಟಣಗಳ ಒಂದು ಚೀಲ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ನಾನೇ ಬರೆದ ಮಾತುಗಳನ್ನು ನಿಲಂಗಾ ಬರುವ ತನಕ ಓದುತ್ತ ಬಂದೆ. ಚೆನ್ನಾಗಿ ಬರೆದಿದ್ದೆ.

ಸಂಜೆ ನಮ್ಮ ವಕೀಲರು ಬಂದರು. ಕೈಕಾಲು ತೊಳೆದು ದಸ್ತಿಯಿಂದ ಮುಖ ಒರೆಸಿಕೊಳ್ಳುತ್ತ ಅಡುಗೆಮನೆಯ ಹೊಸ್ತಿಲ ಬಳಿ ನನ್ನ ಎದುರಿಗೆ ಕೂತರು. ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಎದ್ದ ಬರೋದೇನಿತ್ತು?" ಅಂದರು. "ಶೇಠ ಎರಡ್ ಸಲ ಫೋನ್ ಮಾಡ್ಯಾನ. ಪಾಪ, ಮನಸ್ಸಿಗಿ ಹಚ್ಕೊಂಡಾನ."

"ಹ್ವಾದ ವರ್ಷ ಎಷ್ಟಕ್ಕ ಮುಗಿಸಿದ್ರಿ?"

"ಈಗ್ಯಾಕ ಅದು? ಮೋಟಾರ್ ಕಟ್ಟಿಸಿದ್ವಲ್ಲ."

"ಎಷ್ಟಕ್ಕ?"

ಅವರು ನಕ್ಕರು. ನನ್ನನ್ನು ರಮಿಸುವಾಗ ನಗುವ ನಗು, ಮದುವೆಯಾದಾಗಿನಿಂದ ನನಗೆ ಇಷ್ಟವಾದದ್ದು. ದಸ್ತಿಯನ್ನು ನನ್ನ ಕೈ ಮೇಲೆ ಹೊದಿಸಿ ಕೆಳಗೆ ತಮ್ಮ ಕೈ ತಂದರು. ಮೊದಲು ಅಂಗೈ ಒತ್ತಿದರು, ಆಮೇಲೆ ಬೆರಳು ಹಿಡಿದರು, ಕೊನೆಗೆ ಒಂದು ಗಿಣ್ಣು ಮುಟ್ಟಿದರು. "ಇಷ್ಟಕ್ಕ. ತಿಳೀತೇನು?"

ತಿಳಿಯಲಿಲ್ಲ. ಆ ಬೆರಳು ನೂರೋ ಸಾವಿರವೋ ನನಗೆ ಯಾರೂ ಕಲಿಸಿರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ ಅವರ ಐದೂ ಬೆರಳನ್ನು ನಾನು ಕೆಳಗೇ ಹಿಡಿದುಕೊಂಡೆ.

"ಬಾಯಿಲೆ ಹೇಳ್ರಿ."

"ಏ, ಬಿಡು. ಅವ್ವ ಇದ್ದಾಳ."

"ಇರ್ಲಿ. ಬಾಯಿಲೆ ಹೇಳ್ರಿ, ಬಿಡ್ತೀನಿ."

ಅವರು ಮತ್ತೆ ನಗಲು ನೋಡಿದರು. ನಾನು ಬಿಡಲಿಲ್ಲ. ನಗು ನಿಂತಿತು. ನನ್ನ ಮುಖವನ್ನು ಒಮ್ಮೆ ಸರಿಯಾಗಿ ನೋಡಿ, ದನಿ ಇಳಿಸಿ, ಹೇಳಿದರು.

ಒಳಗೆ ರೊಟ್ಟಿ ಬಡಿಯುವುದು ನಿಂತಿತು.

"ಅಷ್ಟಕ್ಕ ಕೊಟ್ಟೀಯೇನ್ಲೇ?" ಅತ್ತೆಯವರ ಧ್ವನಿ ಬಂತು. "ವರ್ಷಪೂರಾ ಆ ಕ್ವಾಣ್ಯಾಗ ಕುಂತು ದುಡ್ದಾಳ ಆಕಿ. ಅಷ್ಟಕ್ಕ ಒಂದ್ ಟಗರು ಬರಂಗಿಲ್ಲಲೇ ಸಂತ್ಯಾಗ."

ನಮ್ಮ ವಕೀಲರು ಅಡುಗೆಮನೆಯ ಕಡೆ ತಿರುಗಿದರು. ನಾನು ಅವರ ಕೈ ಬಿಟ್ಟೆ. ಈ ಮನೆಯಲ್ಲಿ ನಾನು ದುಡಿಯುತ್ತೇನೆಂದು ಯಾರಾದರೂ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು, ಮತ್ತು ಅದನ್ನು ಕೇಳಿಸಿಕೊಳ್ಳಲು ನಾನು ಟಗರಿಗಿಂತ ಅಗ್ಗವಾಗಬೇಕಾಯಿತು.